ಒಂದು ಬೆರಳು ಕೊಸರು

ಟೈರ್ ಅಂಗಡಿಯ ಮೇಲಿನ ಆ ಹಾಲ್‌ನಲ್ಲಿ ಇದ್ದದ್ದು ಎರಡೇ ಪೂಲ್ ಮೇಜು. ಆದರೂ ಅಲ್ಲಿನ ಆಟ ನೋಡಿದವರು ಇವತ್ತಿಗೂ ಬೇರೆಯವರ ಆಟ ನೋಡಿದರೆ ಮೂಗು ಮುರಿಯುತ್ತಾರೆ. ಮುರಿಯಲಿ ಬಿಡಿ, ಅವರಿಗೆ ಆ ಹಕ್ಕಿದೆ. ಸುತ್ತಲಿನ ನಾಲ್ಕು ಊರುಗಳಲ್ಲಿ ಆರೇಳು ಪೂಲ್ ಹಾಲ್ ಇದ್ದವು, ಒಂದೊಂದರಲ್ಲೂ ಮೀಸೆ ತಿರುವುವವರು ಇದ್ದರು. ಆದರೆ ಇಲ್ಲಿ ವರ್ಷಕ್ಕೊಮ್ಮೆ ನಡೆಯುವ ಕಪ್ ಪಂದ್ಯಕ್ಕೆ ಈ ಮೆಟ್ಟಿಲು ಹತ್ತಿ ಬಂದು ಗೆದ್ದು ಇಳಿದವನು, ಪಂದ್ಯ ಶುರುವಾದ ಹನ್ನೊಂದು ವರ್ಷದಲ್ಲಿ ಒಬ್ಬನೂ ಇಲ್ಲ.

ಎಂಥೆಂಥವರು ಆಡುತ್ತಿದ್ದರು ಅಲ್ಲಿ! ದರ್ಜಿ ಕುತ್ತಿಗೆಯಲ್ಲಿ ಟೇಪು ನೇತುಹಾಕಿಕೊಂಡೇ ಆಡುತ್ತಿದ್ದ, ಆದರೆ ಅಳತೆಯೆಲ್ಲ ಕಣ್ಣಲ್ಲೇ. ಬೆಳಗಿನ ಡ್ಯೂಟಿ ಮುಗಿಸಿ ಬರುತ್ತಿದ್ದ ನರ್ಸಮ್ಮನದು ಎಡಗೈ ಆಟ. ಕೋಲು ತಾಗಿದ್ದು ಚೆಂಡಿಗೂ ಗೊತ್ತಾಗುತ್ತಿರಲಿಲ್ಲ, ಇಂಜೆಕ್ಷನ್ ಕೊಟ್ಟು ಪಳಗಿದ ಕೈ ಅಲ್ಲವೇ? ಇವರಿಬ್ಬರನ್ನೂ ಮೀರಿಸಿದವನು ಗಾರೆ ಮೇಸ್ತ್ರಿ. ಅವನ ಅಕ್ಕನೇ ಹಾಲ್ ನಡೆಸುತ್ತಿದ್ದಳು. ತಮ್ಮನೆಂದು ಒಂದು ಆಟವನ್ನೂ ಪುಕ್ಕಟೆ ಆಡಿಸಿದವಳಲ್ಲ, ಆದರೆ ಅವನು ಗೆದ್ದಾಗ ಅವಳ ಮುಖ ನೋಡಬೇಕಿತ್ತು.

ಆ ಹಾಲ್‌ನವರಿಗೆ ಅವರದೇ ಒಂದು ಮಾತಿತ್ತು: ಕೊಸರು. ಕೊಸರೆಂದರೆ ಅಂಗಡಿಯವನು ಅಳೆದು ಕೊಟ್ಟ ಮೇಲೆ ಕೈಯಾರೆ ಹಾಕುವ ಚೂರು ಎಂಬುದು ಎಲ್ಲರಿಗೂ ಗೊತ್ತು. ಇಲ್ಲಿ ಅದು ಗುರಿಯ ಲೆಕ್ಕ. ಉದ್ದದ ಹೊಡೆತಕ್ಕೆ ಪಾಕೆಟ್ಟಿನ ನಡುವೆ ಗುರಿ ಇಡಬಾರದು, ಮೇಜಿನ ಪಕ್ಕದ ಕಿಟಕಿಗೆ ದೂರವಾಗುವಂತೆ ನಡುವಿನಿಂದ ಒಂದು ಬೆರಳು ಈಚೆಗೆ ಇಡಬೇಕು. ಚೆಂಡು ಹೋಗುತ್ತಾ ಹೋಗುತ್ತಾ ತಾನಾಗಿಯೇ ಕಿಟಕಿಯ ಕಡೆ ಸರಿದು, ಮಾವನ ಮನೆಗೆ ಬಂದ ಅಳಿಯನ ಹಾಗೆ ಸೀದಾ ಒಳಗೆ ಹೋಗುತ್ತಿತ್ತು. ಹೊಸಬರು ಬಂದರೆ ಮೊದಲ ಪಾಠವೇ "ಕೊಸರು ಕೊಟ್ಟು ಹೊಡಿ." ಪೂಲ್ ಎಂಬ ಆಟವೇ ಹಾಗೆ, ಲೋಕದ ಎಲ್ಲ ಮೇಜುಗಳೂ ಕೊಸರು ಕೇಳುತ್ತವೆ ಎಂದು ಅವರು ನಂಬಿದ್ದರು.

ಬೇರೆ ಊರಿಗೆ ಆಡಲು ಹೋದಾಗಲೂ ಪಾಪ, ಧಾರಾಳವಾಗಿ ಕೊಸರು ಕೊಡುತ್ತಿದ್ದರು. ಚೆಂಡು ಪಾಕೆಟ್ಟಿನ ಪಕ್ಕಕ್ಕೆ ಬಡಿದು ವಾಪಸು ಬರುತ್ತಿತ್ತು. "ಥೂ, ಇವರಿಗೆ ಒಂದು ಮೇಜು ನೆಟ್ಟಗೆ ಇಡೋಕೂ ಬರಲ್ಲ" ಎಂದು ಬೈದುಕೊಂಡು ಬಸ್ಸು ಹತ್ತುತ್ತಿದ್ದರು. ಅದು ಸೋತವರ ಮುಖವಾಗಿರುತ್ತಿರಲಿಲ್ಲ, ಮೋಸ ಹೋದವರ ಮುಖ!

ಆಡುವವರಲ್ಲಿ ನಿಜ ಗೊತ್ತಿದ್ದವನು ಮೇಸ್ತ್ರಿ ಒಬ್ಬನೇ. ವಾಲಿದ್ದು ತಮ್ಮದೇ ಮೇಜು, ಮೇಜು ವಾಲಿದ್ದು ನೆಲದಿಂದ, ಆ ನೆಲ ಹಾಕಿದವನು ತಾನು. ಇಪ್ಪತ್ತರ ವಯಸ್ಸಿನಲ್ಲಿ ಅವನು ಸ್ವಂತವಾಗಿ ಒಪ್ಪಿಕೊಂಡ ಮೊದಲ ಕೆಲಸ ಅದು. ಆತುರದಲ್ಲಿ ಮಟ್ಟದ ದಾರ ಕಟ್ಟಿದ್ದು ತಪ್ಪಿ, ನೆಲ ಕಿಟಕಿಯ ಕಡೆಗೆ ಇಳಿದುಬಿಟ್ಟಿತ್ತು. ಮೇಜು ಬಂದ ದಿನ ಅಕ್ಕನ ಗಂಡನಿಗೆ ಯಾರೋ ನೆಲ ಸಮವಿದೆಯೇ ಎಂದು ರಸಮಟ್ಟ ಇಟ್ಟು ನೋಡಿ ಎಂದಿದ್ದರು. "ನೆಲ ಹಾಕಿದ್ದು ನನ್ನ ಭಾವಮೈದ ಕಣ್ರೀ, ರಸಮಟ್ಟ ಯಾತಕ್ಕೆ?" ಎಂದು ಭಾವ ನಕ್ಕಿದ್ದ. ಆ ಮಾತು ಕೇಳಿದ ಮೇಲೆ ಮೇಸ್ತ್ರಿಗೆ ನಿಜ ಹೇಳಲು ಬಾಯಿ ಬರಲಿಲ್ಲ. ಭಾವ ತೀರಿಕೊಂಡ ಮೇಲಂತೂ ಹೇಳುವುದು ಇನ್ನೂ ಕಷ್ಟವಾಯಿತು. ಅಷ್ಟರಲ್ಲಿ ಊರಿಗೆಲ್ಲ ಅವನ ಗೋಡೆಯೆಂದರೆ ಗೋಡೆ, ಅವನ ನೆಲವೆಂದರೆ ನೆಲ ಎಂದು ಹೆಸರಾಗಿತ್ತು. ಹತ್ತೊಂಬತ್ತು ವರ್ಷ ಅವನು ಆ ನೆಲದ ಮೇಲೆ ನಿಂತು ಕೊಸರು ಕೊಟ್ಟು ಗೆದ್ದ, ಗೆದ್ದಾಗಲೆಲ್ಲ ಒಳಗೊಳಗೇ ಚುಚ್ಚಿಸಿಕೊಂಡ.

ಹನ್ನೆರಡನೆಯ ವರ್ಷದ ಕಪ್ ಪಂದ್ಯಕ್ಕೆ, ಮೂವರಿಗೆ ಮೂವರು ಆಡಲು, ಪಕ್ಕದೂರಿನ ರೈಲ್ವೆ ಹಾಲ್‌ನವರು ಬಂದರು. ಭಾನುವಾರ ಮಧ್ಯಾಹ್ನ, ಕಾಲಿಡಲು ಜಾಗವಿಲ್ಲ, ಕಿಟಕಿಯ ಕಟ್ಟೆಯ ಮೇಲೂ ಜನ. ಅವರ ಮುಂದಾಳು ರೈಲ್ವೆ ಗಾರ್ಡ್, ಮಾತು ಕಡಿಮೆ, ಕೆಲಸ ಜಾಸ್ತಿ. ಅವನು ಮೇಜಿನ ಮೇಲೆ ಒಂದು ಚೆಂಡನ್ನು ಮೆಲ್ಲಗೆ ಉರುಳಿಸಿ, ಅದು ಹೋದ ದಾರಿ ನೋಡಿ ತಲೆ ಎತ್ತಿದ.

"ನಿಮ್ಮ ಮೇಜು ವಾಲಿದೆ. ಅದಕ್ಕೇ ನೀವು ಇಲ್ಲಿ ಗೆಲ್ತೀರಿ, ಬೇರೆ ಕಡೆ ಸೋಲ್ತೀರಿ."

ಅಬ್ಬಬ್ಬಾ! ಹಾಲ್‌ಗೆ ಹಾಲೇ ಎದ್ದು ನಿಂತಿತು. ದರ್ಜಿ ಟೇಪು ಕಿತ್ತು ಕೈಗೆ ಸುತ್ತಿಕೊಂಡು ಮುಂದೆ ಬಂದ. "ಆಡೋಕೆ ಬರದೇ ಇದ್ರೆ ಹಾಗಂತ ಹೇಳ್ರಿ, ನಮ್ಮ ಮೇಜಿನ ಮೇಲೆ ಯಾಕೆ ಗೂಬೆ ಕೂರಿಸ್ತೀರಾ? ನಮ್ಮ ಮೇಸ್ತ್ರಿ ಇಲ್ಲೇ ಇದ್ದಾನೆ. ಮಟ್ಟದ ವಿಚಾರ ಅವನಿಗಿಂತ ಯಾರಿಗೆ ಗೊತ್ತು? ಕೇಳಿ ಅವನನ್ನೇ!"

ಗಾರ್ಡ್ ಮೇಸ್ತ್ರಿಯ ಕಡೆ ತಿರುಗಿದ. "ಆಗಲಿ. ನಮ್ಮ ಸ್ಟೇಷನ್ನಿನ ಗೋಡೆ ಕಟ್ಟಿದವರು ಇವರು. ಇವರು ಮಟ್ಟ ಇದೆ ಅಂದ್ರೆ ಸಾಕು, ನಾನು ಬಾಯಿ ಮುಚ್ಕೊಂಡು ಆಡ್ತೀನಿ."

ಒಂದೇ ಮಾತು ಬೇಕಾಗಿತ್ತು. 'ಇದೆ' ಎಂದರೆ ಹನ್ನೊಂದು ವರ್ಷದ ಗೆಲುವು ಉಳಿಯುತ್ತಿತ್ತು, ಮೇಸ್ತ್ರಿಯ ಹೆಸರೂ ಉಳಿಯುತ್ತಿತ್ತು. ಮೇಸ್ತ್ರಿ ಅಕ್ಕನ ಕಡೆ ನೋಡಿದ. ಅವಳು ಗಲ್ಲಾಪೆಟ್ಟಿಗೆಯ ಮುಂದೆ ಕೂತು ಇವನನ್ನೇ ನೋಡುತ್ತಿದ್ದಳು. ಸುಳ್ಳು ಹೇಳಿ ಇನ್ನೊಂದು ಕಪ್ ತಂದು ಅವಳ ಮುಂದೆ ಇಡುವುದನ್ನು ನೆನೆದರೆ ನಾಚಿಕೆಯಾಯಿತು.

"ವಾಲಿದೆ" ಎಂದ. "ಮೇಜಿನ ತಪ್ಪಲ್ಲ, ನೆಲದ್ದು. ನೆಲ ಹಾಕಿದವನು ನಾನೇ. ಮೊದಲ ದಿನದಿಂದಲೂ ನನಗೆ ಗೊತ್ತು."

ಮೇಸ್ತ್ರಿ ಮನೆಗೆ ಹೋಗಿ ಎರಡಡಿ ರಸಮಟ್ಟವನ್ನೂ ತಗಡಿನ ಚೂರುಗಳನ್ನೂ ತಂದ. ಬಂದವರು, ಇದ್ದವರು ಎಲ್ಲ ಸೇರಿ ಪಂದ್ಯದ ಮೇಜಿಗೆ ಹೆಗಲು ಕೊಟ್ಟರು, ಅವನು ಕಿಟಕಿಯ ಕಡೆಯ ಕಾಲುಗಳ ಕೆಳಗೆ ಒಂದೊಂದೇ ಚೂರು ತಳ್ಳಿದ. ಗಾಜಿನೊಳಗಿನ ಗುಳ್ಳೆ ಸರಿಯಾಗಿ ನಡುವೆ ಬಂದು ನಿಂತಾಗ ಎಲ್ಲರೂ ಬಗ್ಗಿ ಬಗ್ಗಿ ನೋಡಿದರು.

ಆಮೇಲೆ ಶುರುವಾಯಿತು ಪಜೀತಿ. ದರ್ಜಿಯ ಚೆಂಡುಗಳೆಲ್ಲ ಒಂದು ಬೆರಳು ಈಚೆಗೆ ಬಡಿದವು. ಅವನು ಕೋಲು ನೋಡಿದ, ಚೆಂಡು ನೋಡಿದ, ಕೊನೆಗೆ ತನ್ನ ಬೆರಳನ್ನೇ ನೋಡಿಕೊಂಡ. ಸೋತ. ನರ್ಸಮ್ಮ ಜಾಣೆ. ದರ್ಜಿಯ ಗತಿ ನೋಡಿ, ಉದ್ದದ ಹೊಡೆತವೇ ಬೇಡವೆಂದು ಹತ್ತಿರದ ಚೆಂಡುಗಳನ್ನೇ ಒಂದೊಂದಾಗಿ ಹೆಕ್ಕಿ ಗೆದ್ದರು. ಸಮ ಸಮ ಆಯಿತು. ಉಳಿದದ್ದು ಮೇಸ್ತ್ರಿ ಮತ್ತು ಗಾರ್ಡ್.

ಅದು ಆಟವೆಂದರೆ ಆಟ! ಇಬ್ಬರೂ ಒಬ್ಬರಿಗೊಬ್ಬರು ಬಿಟ್ಟುಕೊಡಲಿಲ್ಲ. ಕೊನೆಗೆ ಕಪ್ಪು ಚೆಂಡೊಂದೇ ಉಳಿದು, ಸರದಿ ಮೇಸ್ತ್ರಿಯದಾಯಿತು. ಉದ್ದಕ್ಕೆ, ಮೂಲೆಗೆ ಹೊಡೆಯಬೇಕು. ಮೇಜು ಮಟ್ಟ ಮಾಡಿದವನು ಅವನೇ, ತಲೆಗೆ ಎಲ್ಲ ಗೊತ್ತಿತ್ತು. ಆದರೆ ಕೈಗೆ ಹೇಳುವವರು ಯಾರು? ಬಗ್ಗಿದ, ಹೊಡೆದ. ಕಪ್ಪು ಚೆಂಡು ಗೀಟು ಎಳೆದ ಹಾಗೆ ಹೋಗಿ, ಪಾಕೆಟ್ಟಿನಿಂದ ಸರಿಯಾಗಿ ಒಂದು ಬೆರಳು ಈಚೆಗೆ ಬಡಿಯಿತು. ಗಾರ್ಡ್ ಅದನ್ನು ಒಳಗೆ ಹಾಕಿ ಮುಗಿಸಿದ.

ಕುಣಿದಾಡಬಹುದಿತ್ತು ಅವನು, ಕುಣಿಯಲಿಲ್ಲ. ಬಂದು ಮೇಸ್ತ್ರಿಯ ಕೈ ಹಿಡಿದುಕೊಂಡ. "ನೀವು ಮಟ್ಟ ಇದೆ ಅಂದಿದ್ರೆ ನಾನು ಇವತ್ತು ಸೋತು ಹೋಗ್ತಿದ್ದೆ."

"ಗೊತ್ತು" ಎಂದ ಮೇಸ್ತ್ರಿ.

ಮುಂದೆ ಮಟ್ಟದ ಮೇಜಿನ ಮೇಲೆ ಕೈ ತಿದ್ದಿಕೊಂಡು, ಇದೇ ಮೂವರು ನಾಲ್ಕೂ ಊರುಗಳಿಗೆ ಹೋಗಿ ಆರು ವರ್ಷ ಸಾಲಾಗಿ ಗೆದ್ದು ಬಂದರು. ಅದನ್ನು ದರ್ಜಿ ಹೇಳುತ್ತಾನೆ, ಬೇಡವೆಂದರೂ ಹೇಳುತ್ತಾನೆ. ಆದರೆ ಮೇಸ್ತ್ರಿಯನ್ನು ಕೇಳಿದರೆ ಅವನು ಹೇಳುವುದು ಆ ಸೋತ ಭಾನುವಾರದ ಕತೆಯನ್ನೇ, ಅದೂ ಎದೆ ಉಬ್ಬಿಸಿಕೊಂಡು.

ಆ ಸಂಜೆ ಎಲ್ಲರೂ ಇಳಿದು ಹೋದ ಮೇಲೆ ಅವನು ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತಿದ್ದ.

"ಅಕ್ಕಾ, ನಿನಗೂ ಭಾವನಿಗೂ ಹತ್ತೊಂಬತ್ತು ವರ್ಷ ಮುಚ್ಚಿಟ್ಟೆ."

"ಏನು ಮುಚ್ಚಿಟ್ಟೆ, ನಿನ್ನ ತಲೆ! ದಿನಾ ಈ ನೆಲ ಒರೆಸೋಳು ನಾನು. ಬಕೆಟ್ ನೀರು ಚೆಲ್ಲಿದ್ರೆ ಯಾವ ಕಡೆ ಓಡುತ್ತೆ ಅಂತ ನನಗೆ ಗೊತ್ತಿಲ್ವಾ? ನಿಮ್ಮ ಭಾವನಿಗೂ ಗೊತ್ತಿತ್ತು. 'ಹೇಳಬೇಡ, ಹುಡುಗ ನೊಂದ್ಕೋತಾನೆ, ಒಂದಲ್ಲ ಒಂದು ದಿನ ಅವನೇ ಹೇಳ್ತಾನೆ' ಅಂದಿದ್ರು."

ಮೇಸ್ತ್ರಿಗೆ ಕಣ್ಣು ತುಂಬಿ ಬಂತು. ಅಕ್ಕ ಅವನ ಬೆನ್ನ ಮೇಲೆ ಒಂದು ಗುದ್ದು ಕೊಟ್ಟಳು.

"ಅವರಿದ್ದಿದ್ರೆ ಇವತ್ತು ಊರಿಗೆಲ್ಲ ಹೇಳ್ಕೊಂಡು ಬರ್ತಿದ್ರು, ನನ್ನ ಭಾವಮೈದ ಅಂತ. ಸರಿ, ಏಳು ಈಗ. ನಾಳೆ ಬಂದು ಈ ನೆಲ ಕಿತ್ತು ಬೇರೆ ಹಾಕು. ಕಿಟಕಿ ಮೂಲೆಯಲ್ಲಿ ನೀರು ಬಳಿದೂ ಬಳಿದೂ ನನ್ನ ಸೊಂಟ ಬಿದ್ದುಹೋಗಿದೆ."