ಹಿಂಬಾಗಿಲ ಮೆರವಣಿಗೆ

"ಲೇ, ತಗಡೂದೋ ಮುಂಡೇವಾ, ಎಲ್ಲಿಗ್ರೋ ನುಗ್ತೀರಿ? ಇದು ದೊಡ್ಡೋರ್ ಬರೋ ಬಾಗ್ಲು. ಮೋರಿ ಪಕ್ಕ ದಾರಿ ಐತೆ, ಹಿಂದ್ಗಡೆಯಿಂದ ಬರ್ರಿ."

ಹಾಜಿ ಮುಗೇನಿ ತನ್ನ ಹೊಸ ಗೇಟಿಗೆ ಅಡ್ಡ ನಿಂತು ನೊಣ ಓಡಿಸುವ ಹಾಗೆ ಕೈ ಬೀಸಿದ. ಅವನ ಮಗಳ ಮದುವೆ. ಒಳಗೆ ಕೆಂಪು ಜಮಖಾನ, ಜಕಾರ್ತದ ಅಧಿಕಾರಿಗಳಿಗೆಂದು ಬಿಳಿ ಬಟ್ಟೆ ಹೊದಿಸಿದ ಕುರ್ಚಿಗಳು, ಆಳೆತ್ತರದ ಸ್ಪೀಕರುಗಳು. ಹೊರಗೆ, ಮದುಮಗನ ಮನೆಯಿಂದ ಊದಿಕೊಂಡು ಬಂದ ತಂಜಿದೋರ್ ಮೇಳ. ಬಿಳಿಯರ ತೋಟದಲ್ಲಿ ಗುಲಾಮರಾಗಿದ್ದ ಮುತ್ತಜ್ಜಂದಿರು, ದೊರೆಗಳು ಉಣ್ಣುವಾಗ ಊದುತ್ತಿದ್ದ ಹಿತ್ತಾಳೆ ಕಹಳೆಗಳೇ ಇವರ ಆಸ್ತಿ.

ನಿಮಾನ್ ತನ್ನ ದೊಡ್ಡ ಕಹಳೆಯಿಂದ ತುಟಿ ತೆಗೆದ. ಡೋಲು ಮಾತ್ರ ನಿಲ್ಲಲಿಲ್ಲ. ಮದುಮಗನ ಮನೆಯಲ್ಲಿ ಶುರುವಾದ ವಾದ್ಯ ಅವನು ಹಸೆಯ ಮೇಲೆ ಕೂರುವ ತನಕ ನಿಲ್ಲಬಾರದು, ವಾದ್ಯ ಹೋದ ದಾರಿಯನ್ನು ಅವನು ಬಿಡಬಾರದು. ಹಾಜಿಗೆ ಇದು ಗೊತ್ತಿಲ್ಲದ್ದೇನಲ್ಲ. ದೊಡ್ಡ ಮಗಳ ಮದುವೆಯನ್ನು ಹೋಟೆಲಿನಲ್ಲಿ ಮಾಡಿ ಮರೆತಿದ್ದ, ಅಷ್ಟೆ.

ನಿಮಾನ್ ಮೇಳದ ಹಿರಿಯ ಸರ್ಬಿನಿ ತಾತನ ಮುಖ ನೋಡಿದ. ಹೋದ ವರ್ಷ ಹಾಜಿಯ ಮೊಮ್ಮಗನ ಸುನ್ನತಿಗೆ ಊದಿದಾಗ ಇವರನ್ನು ಮೋರಿ ಪಕ್ಕ ಕೂರಿಸಿ ಬಡಿಸಿದ್ದರು. ತಾತನ ತಟ್ಟೆಗೆ ಬಿದ್ದದ್ದು ಯಾರೋ ತಿಂದು ಬಿಟ್ಟ ಮೀನಿನ ಮುಳ್ಳು. ತಾತ ತಲೆ ತಗ್ಗಿಸಿ ಅದನ್ನೇ ಚೀಪಿದ್ದ. ಈ ಸಲ ತಾತನನ್ನು ಕುರ್ಚಿಯ ಮೇಲೆ ಕೂರಿಸಿ ಇಡೀ ಮೀನು ತಿನ್ನಿಸದಿದ್ದರೆ ತಾನು ಗಂಡಸೇ ಅಲ್ಲ ಎಂದು ನಿಮಾನ್ ಅಂದೇ ಹಲ್ಲು ಕಚ್ಚಿದ್ದ. ಆದರೆ ಹೆಂಡತಿ ರೋಹಾಯಾ ಬೆಳಿಗ್ಗೆಯೇ ಹೇಳಿ ಕಳಿಸಿದ್ದಳು: "ಊದು, ಕೊಟ್ಟಿದ್ ತಿನ್ನು, ಬಾಯ್ ಮುಚ್ಕೊಂಡ್ ಬಾ. ನಾವಿರೋ ರೂಮು ಅವನ್ದು."

"ತಾತ, ಹಾಜಿಸಾಬ್ರು ಹಿಂದ್ಗಡೆಯಿಂದ ಹೋಗು ಅಂತವ್ರೆ."

ತಾತನ ಕಣ್ಣು ಮಿನುಗಿತು. "ದೊಡ್ಡೋರ್ ಮಾತು ಮೀರಾಕಾಯ್ತದಾ? ನಡಿ."

ಮೇಳ ಭರ್ಜರಿಯಾಗಿ ಊದುತ್ತ ಮೋರಿಯ ಸಂದಿಗೆ ತಿರುಗಿತು. ಆಗ ರಸ್ತೆಯ ತಿರುವಿನಿಂದ ಮದುಮಗ ಬಂದ. ಅವನೂ ತಿರುಗಿದ. ಅವನ ಮೇಲೆ ಹಿಡಿದ ಬಣ್ಣದ ಕೊಡೆಗಳು ತಿರುಗಿದವು. ಹೆಣ್ಣಿಗೆ ಕೊಡಬೇಕಾದ, ಮಗುವಿನಷ್ಟುದ್ದದ ಬ್ರೆಡ್ಡಿನ ಮೊಸಳೆಗಳನ್ನು ಹೊತ್ತ ಇಬ್ಬರು ಹೆಂಗಸರು, ಹಿಂದೆ ಇಡೀ ಗಲ್ಲಿಯ ಜನ, ಎಲ್ಲ ಸಂದಿಗೆ ನುಗ್ಗಿದರು. ಗೇಟಿನಲ್ಲಿ ಬೀಗರನ್ನು ಅಡ್ಡಗಟ್ಟಿ ಶಾಸ್ತ್ರಕ್ಕೆಂದು ಸುಳ್ಳುಕುಸ್ತಿ ಆಡಬೇಕಿದ್ದ ಪೈಲ್ವಾನರು ಖಾಲಿ ರಸ್ತೆಗೆ ತೊಡೆ ತಟ್ಟುತ್ತ ನಿಂತರು.

ಹಾಜಿಯ ಹಿತ್ತಲಲ್ಲಿ ಮದುವೆ ಪಾತ್ರೆ ತಿಕ್ಕುವ ಕೂಲಿಗೆ ಬಂದಿದ್ದ ರೋಹಾಯಾ ಗಂಡನನ್ನು, ಅವನ ಬೆನ್ನಿಗೆ ಜರಿಪೇಟದ ಮದುಮಗನನ್ನು ನೋಡಿ ಬೂದಿಗೈಯನ್ನು ಬಾಯಿಗೆ ಇಟ್ಟುಕೊಂಡಳು.

ಹಾಜಿ ಮನೆಯೊಳಗಿಂದ ಓಡಿ ಬಂದ. "ಸೂಳೇಮಕ್ಳಾ, ನಿಲ್ಸ್ರೋ. ಅಳಿಯನ್ನ ಮೋರಿಗ್ ತಂದ್ ನಿಲ್ಸಿದ್ರಲ್ಲೋ."

"ನಿಲ್ಸಂಗಿಲ್ಲ ಹಾಜಿಸಾಬ್ರೆ. ಹಿಂದ್ಗಡೆಯಿಂದ ಬರ್ರಿ ಅಂದ್ರಿ, ಬಂದ್ವಿ," ಅಂದ ನಿಮಾನ್.

"ನಾನ್ ಹೇಳಿದ್ದು ನಿಮಗೆ."

"ನಾವೇ ಅಲ್ವಾ ಮುಂದೆ?"

ಹಾಜಿ ಮದುಮಗನ ಕಡೆ ತಿರುಗಿ ಹಲ್ಲು ಕಿರಿದ. "ಮುಂದ್ಗಡೆಯಿಂದ ಬನ್ನಿ ಅಳಿಯಂದ್ರೆ."

ಮದುಮಗನ ದೊಡ್ಡಮ್ಮ ಸೊಂಟಕ್ಕೆ ಕೈ ಕೊಟ್ಟಳು. "ವಾದ್ಯ ಬಂದ್ ದಾರಿ ಬಿಟ್ಟು ವಾಪಸ್ ತಿರುಗೋದಾ? ಹುಡುಗನ ಸಂಸಾರ ಏನಾಗ್ಬೇಕು? ನೀವೇ ಮೋರಿ ದಾಟಿ ಬಂದು ಕೈ ಹಿಡ್ದು ಕರ್ಕೊಂಡೋಗಿ."

ಹಾಜಿಯ ಮುಖ ಬೆಂದ ಸಿಗಡಿಯ ಬಣ್ಣಕ್ಕೆ ತಿರುಗಿತು. "ನಿಮಾನ್, ನಾಳೆ ನೀನು ರೂಮ್ ಖಾಲಿ ಮಾಡ್ಬೇಕು."

ನಿಮಾನ್ ಹೆಂಡತಿಯ ಕಡೆ ನೋಡಿದ. ಉತ್ತರ ಬಂದದ್ದು ಪಾತ್ರೆಗಳ ಮಧ್ಯದಿಂದ.

"ಮಾಡ್ತೀವಿ ಬಿಡ್ರಿ," ಅಂದಳು ರೋಹಾಯಾ. "ಮೊದ್ಲು ಅಳಿಯನ್ನ ಕರ್ಕೊಳ್ರಿ, ಬಿಸಿಲಲ್ ನಿಂತವ್ನೆ."

ಹಿತ್ತಲಿಗೆ ಹಿತ್ತಲೇ ನಕ್ಕಿತು. ಹಾಜಿ ರೇಷ್ಮೆ ಲುಂಗಿಯನ್ನು ಮೊಣಕಾಲಿಗೆ ಎತ್ತಿ ಮೋರಿಯ ಹಲಗೆಯ ಮೇಲೆ ಕಾಲಿಟ್ಟ. ನಿಮಾನ್ ಕಹಳೆಯಲ್ಲಿ ಬೊಂಯ್ ಎಂದ. ಇನ್ನೊಂದು ಹೆಜ್ಜೆಗೆ ಇನ್ನೊಂದು ಬೊಂಯ್. ಹಾಜಿ ನಿಂತರೆ ಅವನೂ ಊದುವುದನ್ನು ನಿಲ್ಲಿಸುತ್ತಿದ್ದ, ಡೋಲು ಮಾತ್ರ ಬಡಿಯುತ್ತಲೇ ಇತ್ತು. ಇಷ್ಟು ಖುಷಿಯಿಂದ ಅವನು ಯಾವತ್ತೂ ಊದಿರಲಿಲ್ಲ.

ಅಡುಗೆಮನೆ ಹಾದು, ಕೆಸರುಗಾಲಲ್ಲೇ ಕೆಂಪು ಜಮಖಾನ ತುಳಿದು, ಮೇಳ ಮದುಮಗನನ್ನು ಹಸೆಯ ಮುಂದೆ ತಂದು ನಿಲ್ಲಿಸಿತು. ಸರ್ಬಿನಿ ತಾತ ಮುಂದಿನ ಸಾಲಿನ ಬಿಳಿ ಕುರ್ಚಿಯಲ್ಲಿ ಕೂತು ಕಹಳೆಯನ್ನು ತೊಡೆಯ ಮೇಲಿಟ್ಟುಕೊಂಡ. ರೋಹಾಯಾ ತಲೆಬಾಲಗಳ ಸಮೇತ ಇಡೀ ಮೀನಿದ್ದ ತಟ್ಟೆ ತಂದು ಅವನ ಕೈಗಿಟ್ಟಳು.

"ಕೂತ್ಕೊಳ್ಳಿ ಅಳಿಯಂದ್ರೆ," ಹಾಜಿ ಪಿಸುಗುಟ್ಟಿದ. ಅಳಿಯ ಕೂತರೆ ವಾದ್ಯ ನಿಲ್ಲುತ್ತದೆ. ವಾದ್ಯ ನಿಂತರೆ ಇವರನ್ನು ಕತ್ತು ಹಿಡಿದು ಹೊರಗೆ ದಬ್ಬಬಹುದು.

ಮದುಮಗ ಈಗ ಬ್ಯಾಂಕಿನಲ್ಲಿದ್ದರೂ ಇದೇ ಗಲ್ಲಿಯಲ್ಲಿ ಬೆಳೆದವನು. ಅವನ ಸುನ್ನತಿಗೆ ಊದಿದವನೂ ಸರ್ಬಿನಿ ತಾತನೇ. ಅವನು ತಾತನ ತಟ್ಟೆಯ ಕಡೆ ಒಮ್ಮೆ ನೋಡಿ ಪೇಟ ಸರಿಮಾಡಿಕೊಂಡ.

"ನಿಧಾನಕ್ಕೆ ತಿನ್ನು ತಾತ," ಅಂದ. "ಮುಳ್ಳಿರ್ತದೆ."

ನಿಮಾನ್ ಕೆನ್ನೆಯುಬ್ಬಿಸಿ ಊದುತ್ತಲೇ ಇದ್ದ. ಮದುಮಗ ಇನ್ನೂ ಕೂತಿರಲಿಲ್ಲ.