ದೊಡ್ಡಮ್ಮನ ಮಣಿಬಳ್ಳಿ

ಸುಮ್ಮನೆ ಬಿಟ್ಟರೆ ಮಾತ್ರ ಬದುಕುವ ಗಿಡವನ್ನು ನಮ್ಮ ಮನೆಯವರ ಕೈಗೆ ಕೊಡಬಾರದು. ನಮಗೆ ಏನು ಬೇಕಾದರೂ ಮಾಡಲು ಬರುತ್ತದೆ, ಸುಮ್ಮನಿರಲು ಮಾತ್ರ ಬರುವುದಿಲ್ಲ. ಇದು ದೊಡ್ಡಮ್ಮನಿಗೂ ಗೊತ್ತಿತ್ತು. ಆದರೂ ಕೊಟ್ಟು ಹೋದರು, ಬೇರೆ ಗತಿ ಇರಲಿಲ್ಲ.

ದೊಡ್ಡಮ್ಮ ಅಂದರೆ ನಮ್ಮಮ್ಮನ ಅಕ್ಕ. ಗಿಡ ಅವರದು, ಅಂಗಡಿಯೂ ಅವರದೇ. ಹರಿದ ಮುತ್ತಿನ ಸರ, ಮಣಿಸರ ತಂದುಕೊಟ್ಟರೆ ತೊಳೆದು, ಹೊಸ ರೇಷ್ಮೆ ದಾರಕ್ಕೆ ಪೋಣಿಸಿ ಕೊಡುವುದು ದೊಡ್ಡಮ್ಮನ ಕೈಕೆಳಗೆ ನನ್ನ ಮತ್ತು ನನ್ನ ತಂಗಿಯ ಕೆಲಸ. ಒಂದು ಮುತ್ತಿಗೂ ಪಕ್ಕದ ಮುತ್ತಿಗೂ ನಡುವೆ ಒಂದು ಗಂಟು ಬೀಳಬೇಕು. ನಾಳೆ ದಾರ ಹರಿದರೆ ಒಂದೇ ಮುತ್ತು ಉದುರಲಿ, ಉಳಿದವು ಚರಂಡಿಗೆ ಉರುಳದಿರಲಿ ಅಂತ. ಆ ಗಂಟು ಮುತ್ತಿಗೆ ಒತ್ತಿಕೊಂಡೇ ಕೂರಬೇಕು. ಕೂದಲೆಳೆಯಷ್ಟು ಸಂದು ಕಂಡರೂ ದೊಡ್ಡಮ್ಮ ಮಾತಾಡದೆ ಕತ್ತರಿ ಎತ್ತಿಕೊಂಡು ಇಡೀ ಸರವನ್ನು ಕತ್ತರಿಸಿ ತಟ್ಟೆಗೆ ಸುರಿಯುತ್ತಿದ್ದರು. ಮಾತಾಡುವುದು ಆಮೇಲೆ. ಅದನ್ನು ನಾನಿಲ್ಲಿ ಬರೆಯುವ ಹಾಗಿಲ್ಲ.

ಅಂಗಡಿಯ ಕಿಟಕಿಯಲ್ಲಿ, ಬೆಂಚಿನ ನೇರಕ್ಕೆ, ಆ ಮಣಿಬಳ್ಳಿಯ ಕುಂಡ ತೂಗುತ್ತಿತ್ತು. ಎಲೆ ಅಂತ ಹೆಸರಿಗೆ, ನೋಡಿದರೆ ಹಸಿರು ಬಟಾಣಿ. ಸಪೂರ ದಾರದಂಥ ಕಾಂಡಕ್ಕೆ ಬಟಾಣಿ ಪೋಣಿಸಿದಂತೆ ಎಳೆ ಎಳೆಯಾಗಿ ಇಳಿಬಿದ್ದಿತ್ತು. ಬಂದ ಗಿರಾಕಿಗಳೆಲ್ಲ ಮೊದಲು ಅದರ ಬೆಲೆ ಕೇಳುತ್ತಿದ್ದರು. ದೊಡ್ಡಮ್ಮ ಹೆಮ್ಮೆಯಿಂದ ಉಬ್ಬಿ ಅವರನ್ನು ಗದರುತ್ತಿದ್ದರು. ನಮ್ಮನ್ನು ಹೊಗಳದ ಬಾಯಿ ಆ ಬಟಾಣಿಗಳ ಹತ್ತಿರ ಎಷ್ಟು ಮೆತ್ತಗಾಗುತ್ತಿತ್ತು ಅಂದರೆ, ನನಗೆ ನಿಜವಾಗಿಯೂ ಹೊಟ್ಟೆ ಉರಿಯುತ್ತಿತ್ತು.

ಹೀಗಿರುವಾಗ ದೊಡ್ಡಮ್ಮನ ಕಣ್ಣು ಕೈಕೊಟ್ಟಿತು. ಮೊದಲು ದೀಪ ಸರಿಯಿಲ್ಲ ಅಂದರು, ಆಮೇಲೆ ದಾರ ಕಳಪೆ ಅಂದರು, ಆಮೇಲೆ ನಾವೇ ಸರಿಯಿಲ್ಲ ಅಂದರು. ಕೊನೆಗೆ ಬಿಳಿ ಬಟ್ಟೆಯ ಮೇಲಿಟ್ಟ ಬಿಳಿ ಮುತ್ತನ್ನು ತಡಕಾಡಿ ಹುಡುಕುವುದನ್ನು ನಾನೇ ನೋಡಿದೆ. ಬೇರೆ ಊರಿನ ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್ ಅಂತಾಯಿತು. ಪೊರೆ ತೆಗೆಯಬಹುದು, ಆದರೆ ಅದರ ಹಿಂದೆ ನರ ಎಷ್ಟು ಉಳಿದಿದೆ ಅನ್ನುವುದು ತೆಗೆದ ಮೇಲೇ ಗೊತ್ತಾಗುವುದು ಅಂದರು ಡಾಕ್ಟರು.

"ಕಣ್ಣು ಬಂದ್ರೆ ಮತ್ತೆ ಬೆಂಚಿಗೆ ಬರ್ತೀನಿ," ಅಂದರು ದೊಡ್ಡಮ್ಮ, ಬಟ್ಟೆ ಮಡಚಿ ಚೀಲಕ್ಕೆ ತುರುಕುತ್ತಾ. "ಬರಲಿಲ್ಲ ಅಂದ್ರೆ ನಾನಿದ್ದು ಏನು ಮಾಡ್ಲಿ? ಮೂಲೇಲಿ ಕೂತು ನಿಮ್ಮ ಮುಖ ನೋಡೋದಕ್ಕೂ ಆಗಲ್ಲ."

ಹೊರಡುವಾಗ ಬಾಗಿಲಲ್ಲಿ ನಿಂತು ಅಪ್ಪಣೆ ಕೊಟ್ಟರು. "ಮಣಿ ಸ್ವಲ್ಪ ಸೊರಗಿದ ಹಾಗೆ ಕಂಡ್ರೆ ಮಾತ್ರ ನೀರು. ದುಂಡಗಿದ್ರೆ ಮುಟ್ಟಬೇಡಿ. ಪ್ರೀತಿ ಮಾಡೋಕೆ ಹೋಗ್ಬೇಡಿ, ಸತ್ತೋಗುತ್ತೆ."

ನಾವು ಮೂವರೂ ತಲೆ ಆಡಿಸಿದೆವು. ಮೂರನೆಯವನು ತಂಗಿಯ ಗಂಡ. ಫೋನಿನಲ್ಲಿ ನೋಡಿದ್ದನ್ನೆಲ್ಲ ಅರೆದು ಕುಡಿದವನು. ಹಾಗಾಗಿ ನಾನು ಅವನಿಗೆ ವಿಜ್ಞಾನಿ ಅಂತ ಹೆಸರಿಟ್ಟಿದ್ದೇನೆ. ಅವನು ಅದನ್ನು ಬಿರುದು ಅಂದುಕೊಂಡಿದ್ದಾನೆ.

ದೊಡ್ಡಮ್ಮ ಬಸ್ಸು ಹತ್ತಿದ್ದೇ ತಡ, ಪ್ರೀತಿ ಶುರುವಾಯಿತು. ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದವಳು ನಾನು, ಕುಂಡದ ಮಣ್ಣು ಒಣಗಿದೆಯಲ್ಲಾ ಅಂತ ಒಂದು ಲೋಟ ನೀರು ಹಾಕಿದೆ. ಮಧ್ಯಾಹ್ನ ತಂಗಿ, ಪಾಪ ಬಾಯಾರಿರುತ್ತೆ ಅಂತ ಇನ್ನೊಂದು ಲೋಟ ಹಾಕಿದಳಂತೆ, ನನಗೆ ಹೇಳದೆ. ಸಂಜೆ ವಿಜ್ಞಾನಿ ಬಂದು ಇಸ್ತ್ರಿ ಮಾಡುವಾಗ ಬಟ್ಟೆಗೆ ನೀರು ಚಿಮುಕಿಸುವ ಬಾಟಲಿಯಿಂದ ಮಂಜು ಹೊಡೆದನಂತೆ, ನಮ್ಮಿಬ್ಬರಿಗೂ ಹೇಳದೆ. ದಿನವೂ ಇದೇ ಕಥೆ. ಒಬ್ಬೊಬ್ಬರೂ ಮನಸ್ಸಿನಲ್ಲೇ, ನಾನು ಇಲ್ಲದಿದ್ದರೆ ಈ ಗಿಡದ ಗತಿ ಏನು ಅಂತ ಹಿಗ್ಗುತ್ತಾ ಇದ್ದೆವು. ಸಾಲದ್ದಕ್ಕೆ, ಕುಂಡದ ತಳದಿಂದ ನೀರು ಗಿರಾಕಿಯೊಬ್ಬರ ಮುತ್ತಿನ ತಟ್ಟೆಗೆ ತೊಟ್ಟಿಕ್ಕಿತು ಅಂತ ವಿಜ್ಞಾನಿ ಆ ತೂತಿಗೆ ಮೇಣ ಮೆತ್ತಿಬಿಟ್ಟ. ಮಹಾನುಭಾವ.

ಫೋನಿನಲ್ಲಿ ದೊಡ್ಡಮ್ಮ ಕೇಳಿದಾಗಲೆಲ್ಲ ಗಿಡ ಜೋರಾಗಿದೆ ಅಂದೆವು. ಆಗ ಅದು ಸುಳ್ಳೂ ಆಗಿರಲಿಲ್ಲ. ನೀರು ಕುಡಿದು ಕುಡಿದು ಮಣಿಗಳು ಉಬ್ಬಿಕೊಂಡು ಮಿರಮಿರ ಮಿಂಚುತ್ತಿದ್ದವು. ಒಂದು ಬೆಳಿಗ್ಗೆ ಬಂದು ನೋಡಿದರೆ ಬೆಂಚಿನ ತುಂಬ ಉದುರಿವೆ. ಮುಟ್ಟಿದರೆ ಪಿಚಕ್ಕನೆ ಒಡೆಯುತ್ತವೆ. ಕುಂಡದಲ್ಲಿ ಬೆರಳಿಟ್ಟರೆ ಕೆಸರು. ಬೇರು ಅನ್ನುವುದು ಕಂದು ಲೋಳೆಯಾಗಿತ್ತು. ಆಗ ನೋಡಬೇಕಿತ್ತು ನಮ್ಮ ಮನೆಯ ಸತ್ಯಸಂಧರನ್ನು. ನೀರು ಹಾಕಿದವರು ಯಾರೂ ಇಲ್ಲ. ಗಿಡ ತಾನೇ ಬಾವಿಗೆ ಹಾರಿಕೊಂಡಿತ್ತು.

ಇನ್ನೂ ಗಟ್ಟಿಯಿದ್ದ ತುದಿಗಳನ್ನು ಕತ್ತರಿಸಿ, ಒಣ ಮರಳುಮಣ್ಣಿನ ಮೇಲೆ ಮಲಗಿಸಿ, ವಿಜ್ಞಾನಿಗೆ ಸಿಗದ ಹಾಗೆ ಅಟ್ಟದ ಕಿಟಕಿಯಲ್ಲಿಟ್ಟೆ. ಅವು ಬೇರು ಬಿಟ್ಟು ಗಿಡವಾಗುವ ಹೊತ್ತಿಗೆ ನಮಗೆ ವಯಸ್ಸಾಗಿರುತ್ತದೆ. ಅಷ್ಟರಲ್ಲಿ ಆಸ್ಪತ್ರೆಯಿಂದ ದೊಡ್ಡಮ್ಮ ಫೋನ್ ಮಾಡಿ ಇದೇ ವಾರ ಬರುತ್ತೇನೆ ಅಂದರು.

"ಕಣ್ಣು ಹೇಗಿದೆ ದೊಡ್ಡಮ್ಮ?"

"ಬಂದ ಮೇಲೆ ನೀನೇ ನೋಡುವೆಯಂತೆ," ಅಂತ ಫೋನ್ ಇಟ್ಟೇಬಿಟ್ಟರು.

ನಿಜ ಹೇಳಿಬಿಡೋಣ ಅಂದೆ. ವಿಜ್ಞಾನಿ ಬಿಡಲಿಲ್ಲ. "ಅತ್ತಿಗೆ, ಆಪರೇಷನ್ ಆದ ಕಣ್ಣು. ಅಳಬಾರದು ಅಂತ ಡಾಕ್ಟರು ಹೇಳಿದ್ದಾರೆ. ಈ ಗಿಡ ನೋಡಿದ್ರೆ ಅತ್ತುಬಿಡ್ತಾರೆ." ಅವನ ಜೀವನದಲ್ಲಿ ಸರಿಯಾದ ಮಾತು ಅಂತ ಆಡಿದ್ದು ಅದೇ ಇರಬೇಕು.

ದಾರಿ ತೋರಿಸಿದವಳು ತಂಗಿ. "ಅಕ್ಕ, ನಮಗೇನು ಪೋಣಿಸೋಕೆ ಬರಲ್ವಾ?"

ಉದುರಿದ ಮಣಿಗಳಲ್ಲೇ ಗಟ್ಟಿಯವನ್ನು ಆರಿಸಿ ಸೂಜಿ ಚುಚ್ಚಿದೆವು. ನೀರು ಮುಖಕ್ಕೆ ಹಾರಿತು. ಆಮೇಲೆ ಬೀರುವಿನ ತಳದಲ್ಲಿ ಯಾರೂ ಕೊಳ್ಳದೆ ಬಿದ್ದಿದ್ದ ಹಸಿರು ಗಾಜಿನ ಮಣಿಗಳ ಡಬ್ಬಿ ತೆಗೆದೆವು. ಹಸಿರು ರೇಷ್ಮೆ ದಾರಕ್ಕೆ ಪೋಣಿಸುತ್ತಾ ಕೂತೆವು. ಇನ್ನು ನಮ್ಮ ಬುದ್ಧಿವಂತಿಕೆ ಕೇಳಿ. ಯಾರಾದರೂ ಮೋಸ ಮಾಡುವವರು ಮಣಿಗಳನ್ನು ಸರಸರ ಜಾರಿಸಿ ನೇತುಹಾಕುತ್ತಿದ್ದರು. ನಾವು ಒಂದೊಂದು ಮಣಿಗೂ ಒಂದೊಂದು ಗಂಟು ಹಾಕಿದೆವು, ಒತ್ತಿ, ಬಿಗಿಯಾಗಿ. ಬೇಡ ಅಂದರೂ ಕೈ ಕೇಳಲಿಲ್ಲ. ನನ್ನ ತಂಗಿಯಂತೂ ಒಂದು ಗಂಟು ಸಡಿಲವಾಯಿತು ಅಂತ ಒಂದೆಳೆ ಬಿಚ್ಚಿ ಮತ್ತೆ ಮಾಡಿದಳು. ಸತ್ತ ಗಿಡದ ಸುಳ್ಳು ಎಳೆಗೆ.

ಕುಂಡಕ್ಕೆ ಕಟ್ಟಿ ಕಿಟಕಿಗೆ ತೂಗುಹಾಕಿದಾಗ, ದೂರದಿಂದ ನೋಡಿದರೆ ಗಿಡವೇ. ವಿಜ್ಞಾನಿ ಮಾತ್ರ ಕತ್ತು ಓರೆ ಮಾಡಿ ನೋಡಿದ. "ನಿಜವಾದ ಮಣಿಗೆ ಪಕ್ಕದಲ್ಲಿ ಒಂದು ಸಣ್ಣ ಸೀಳು ಇರುತ್ತೆ, ಬೆಳಕು ಒಳಗೆ ಹೋಗೋಕೆ. ಕಣ್ಣು ಸರಿಯಿದ್ದೋರು ಹತ್ತಿರ ಬಂದ್ರೆ ತಕ್ಷಣ ಹಿಡೀತಾರೆ."

ಹಿಡಿಯಲಿ ಅನ್ನಿಸಿತು ನನಗೆ. ಅಲ್ಲಿಯವರೆಗೆ ಸಿಕ್ಕಿಬೀಳಬಾರದು ಅಂತ ಒದ್ದಾಡಿದವಳು, ಆ ಕ್ಷಣದಿಂದ ಸಿಕ್ಕಿಬೀಳಲಿ ದೇವರೇ ಅಂತ ಬೇಡಿಕೊಳ್ಳತೊಡಗಿದೆ. ದೊಡ್ಡಮ್ಮ ಬಾಗಿಲಲ್ಲೇ ನಿಂತು ಕತ್ತೆಗಳಿರಾ ಅಂತ ಕಿರುಚಲಿ, ಬೀದಿಯವರೆಲ್ಲ ಬಂದು ನೋಡಲಿ, ನಾನು ಖುಷಿಯಿಂದ ಬೈಸಿಕೊಳ್ಳುತ್ತೇನೆ.

ದೊಡ್ಡಮ್ಮ ಬಂದರು. ಕಣ್ಣಿಗೆ ಕಪ್ಪು ಕನ್ನಡಕ, ಕೈಯಲ್ಲಿ ವಿಜ್ಞಾನಿಯ ತೋಳು. ಕೂತ ಕೂಡಲೇ ಯಾರೂ ಕೇಳದಿದ್ದರೂ ಘೋಷಿಸಿದರು. "ಎಲ್ಲಾ ಕಾಣುತ್ತೆ ಕಣ್ರೇ. ಸೂಜಿಗೆ ದಾರ ಪೋಣಿಸೋಷ್ಟು ಕಾಣುತ್ತೆ." ಆಮೇಲೆ ಕಿಟಕಿಯ ಕಡೆ ಮುಖ ತಿರುಗಿಸಿದರು.

"ಪರವಾಗಿಲ್ವೇ," ಅಂದರು. "ಚೆನ್ನಾಗಿ ನೋಡ್ಕೊಂಡಿದ್ದೀರಿ. ತುದೀಲಿ ಹೊಸ ಚಿಗುರೂ ಬಂದಿದೆ."

ತಂಗಿ ನಿಟ್ಟುಸಿರು ಬಿಟ್ಟಳು. ವಿಜ್ಞಾನಿ ನನ್ನ ಕಡೆ ಕಣ್ಣು ಮಿಟುಕಿಸಿದ. ಆ ದಡ್ಡರಿಬ್ಬರಿಗೂ ಬಚಾವಾದೆವು ಅನ್ನುವುದಷ್ಟೇ ಹೊಳೆದದ್ದು. ಗಾಜಿನ ಮಣಿ ಎಲ್ಲಾದರೂ ಚಿಗುರುವುದುಂಟೇ? ಇಬ್ಬರನ್ನೂ ಟೀ ಮಾಡಿ ಅಂತ ಒಳಗೆ ಅಟ್ಟಿದೆ.

ಕುಂಡವನ್ನು ಇಳಿಸಿ ತಂದು ದೊಡ್ಡಮ್ಮನ ಮಡಿಲಲ್ಲಿಟ್ಟೆ. "ಮುಟ್ಟಿ ನೋಡಿ ದೊಡ್ಡಮ್ಮ."

"ಯಾಕೇ? ಕಾಣ್ತಾ ಇದೆಯಲ್ಲ."

ನಾನೇ ಒಂದೆಳೆ ಎತ್ತಿ ಅವರ ಅಂಗೈಗೆ ಇಟ್ಟೆ. ಹೆಬ್ಬೆರಳು ಮೊದಲ ಮಣಿಯ ಮೇಲೆ ಹೋಯಿತು, ಆಮೇಲೆ ಗಂಟಿನ ಮೇಲೆ. ಅಲ್ಲಿ ನಿಂತಿತು.

"ಗಾಜು," ಅಂದರು.

"ಹೌದು."

"ಗಿಡ?"

"ನೀರು ಹಾಕಿ ಹಾಕಿ ಕೊಳೆಸಿಬಿಟ್ವಿ."

ಕಿರುಚಲಿಲ್ಲ. ಕತ್ತರಿ ಕೇಳಲಿಲ್ಲ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡರು.

"ಬೆಳಕು ಗೊತ್ತಾಗುತ್ತೆ," ಅಂದರು ಮೆಲ್ಲಗೆ. "ಎದುರಿಗೆ ಯಾರೋ ನಿಂತಿದ್ದಾರೆ ಅಂತ ಗೊತ್ತಾಗುತ್ತೆ. ಯಾರು ಅನ್ನೋದು ಬಾಯಿಬಿಟ್ರೆ ಗೊತ್ತಾಗುತ್ತೆ. ಇನ್ನು ಇಷ್ಟೇ ಅಂತೆ."

"ಮತ್ತೆ ಚಿಗುರು ಬಂದಿದೆ ಅಂದ್ರಲ್ಲ?"

"ಬೆಳೆಯೋ ಗಿಡ ಅಲ್ವೇನೇ. ಬಂದಿರುತ್ತೆ ಅಂದ್ಕೊಂಡೆ."

ಅವರ ಬೆರಳು ಎಳೆಯ ಮೇಲೆ ಹರಿದಾಡುತ್ತಲೇ ಇತ್ತು, ಮಣಿ, ಗಂಟು, ಮಣಿ, ಗಂಟು. ಒಂದು ಕಡೆ ತಡೆದು ಹುಬ್ಬು ಗಂಟಿಕ್ಕಿದರು. "ಇಲ್ಲೀ ತನಕ ನಿನ್ನ ತಂಗಿ. ಇಲ್ಲಿಂದ ನೀನು."

"ಹೌದು."

"ಬೆಂಚಲ್ಲಿ ಇನ್ನು ನೀನೇ ಕೂತ್ಕೋ. ನಾನು ಪಕ್ಕದಲ್ಲಿ ಕೂತು ಬೈತೀನಿ. ಅದಕ್ಕೇನೂ ಕಣ್ಣು ಬೇಕಾಗಿಲ್ಲ."

ಒಳಗೆ ಆ ಇಬ್ಬರೂ ಸಕ್ಕರೆ ಎಷ್ಟು ಹಾಕಬೇಕು ಅಂತ ಜಗಳವಾಡುತ್ತಿದ್ದರು. ನಾನು ದೊಡ್ಡಮ್ಮನ ಎದುರಿಗೇ ಕೂತು ಸದ್ದು ಮಾಡದೆ ಅತ್ತೆ. ಅವರಿಗೆ ಕಾಣುವುದಿಲ್ಲವೆಂದು ಗೊತ್ತಿದ್ದುದರಿಂದ ಮುಖ ಮುಚ್ಚಿಕೊಳ್ಳಲಿಲ್ಲ.