ಸವರಿಯಮ್ಮನ ಗೋದಲಿ

ಚಾಂಪಿಯನ್ ರೀಫ್ಸಿನ ಚಿನ್ನದ ಗಣಿ ಕೂಲಿಗಳ ಸಾಲುಮನೆಗಳ ಲೈನುಗಳಲ್ಲಿ ಕ್ರೈಸ್ತರ ಮನೆಯಲ್ಲಿ ಕೂಸು ಹುಟ್ಟಿದರೆ ಎರಡು ವಾರದೊಳಗೆ ಪಾದ್ರಿಗಳ ಗುಡಿಯಲ್ಲಿ ನೀರು ಹೊಯ್ದು ಹೆಸರಿಡುವ ಜ್ಞಾನಸ್ನಾನ ಆಗಿಬಿಡುತ್ತಿತ್ತು. ಸವರಿಯಮ್ಮನ ಮೊಮ್ಮಗಳಿಗೆ ಮಾತ್ರ ಮೂರು ತಿಂಗಳಾದರೂ ಆಗಿರಲಿಲ್ಲ. ಪಾದ್ರಿಗಳು ಪ್ರತಿ ಭಾನುವಾರ ಕೇಳುತ್ತಿದ್ದರು. ಸವರಿಯಮ್ಮ ಒಂದು ವಾರ ನೆಗಡಿ ಎನ್ನುತ್ತಿದ್ದಳು, ಇನ್ನೊಂದು ವಾರ ಭೇದಿ. ಅಷ್ಟೆಲ್ಲ ಕಾಯಿಲೆ ನಿಜವಾಗಿ ಬಂದಿದ್ದರೆ ಕೂಸು ಉಳಿಯುತ್ತಲೇ ಇರಲಿಲ್ಲ. ಅದು ಗುಂಡುಗುಂಡಾಗಿ, ಕರ್ರಗೆ, ಕಾಲು ಒದೆಯುತ್ತ ಮಲಗಿತ್ತು. ಅಜ್ಜಿ ಅದು ಬೆಳ್ಳಗಾಗಲೆಂದು ಕಾಯುತ್ತಿದ್ದಳು, ಅಷ್ಟೇ.

“ದಿನಾ ಕಡ್ಲೆಹಿಟ್ಟು ತಿಕ್ತಿದ್ದೀನಿ. ಒಸಿ ಬಣ್ಣ ತಿರುಗ್ಲಿ, ಆಮೇಲೆ ಗುಡೀಗೆ ಎತ್ಕೊಂಡ್ ಓಗಾಣ” ಎಂದಳು.

“ಅಷ್ಟ್ರಲ್ಲಿ ಕೂಸಿಗೆ ಏನಾರ ಆದ್ರೆ ಮೋಕ್ಷ ಸಿಕ್ತದಾ ಅತ್ತೆ?” ಎಂದಳು ಸೊಸೆ ಆರೋಗ್ಯಮ್ಮ. ಪಕ್ಕದ ಲೈನಿನಲ್ಲಿ ಒಂದು ಎಳೇ ಮಗು ಒಂದೇ ದಿನದ ಜ್ವರದಲ್ಲಿ ಹೋಗಿಬಿಟ್ಟಿತ್ತು. ಅಂದಿನಿಂದ ಅವಳಿಗೆ ಸರಿಯಾಗಿ ನಿದ್ದೆಯೇ ಇರಲಿಲ್ಲ.

“ನಾನ್ ಕರ್ರಗಿದ್ದೀನಿ ಅಂತ ನಾಕು ಸಂಬಂಧ ತಪ್ಪೋದ್ವು ಕಣಮ್ಮಾ. ನಂಗೊತ್ತು ಆ ನೋವು. ನಾಕು ಜನ ನೋಡಿ ನಗಾಡೋದು ಬ್ಯಾಡ.”

ಆ ವರ್ಷ ಡಿಸೆಂಬರಿನಲ್ಲಿ ಗಣಿಯ ಆಳದಲ್ಲಿ ಬಂಡೆ ಸಿಡಿದು ನೆಲ ನಡುಗಿತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಆದರೆ ಗುಡಿಯ ಅಟ್ಟದಿಂದ ಬಾಲಯೇಸು ಹುಟ್ಟಿದ ಕೊಟ್ಟಿಗೆ ತೋರಿಸುವ ಕ್ರಿಸ್ಮಸ್ ಗೋದಲಿಯ ಸೀಮೆ ಬೊಂಬೆಗಳೆಲ್ಲ ಬಿದ್ದು ಚೂರಾದವು. ಗೋದಲಿ ಸಿಂಗರಿಸುವುದು ಸವರಿಯಮ್ಮನ ಹಕ್ಕು. ಅವಳು ರೈಲು ಹತ್ತಿ ಬಂಗಾರಪೇಟೆಗೆ ಹೋಗಿ, ಹತ್ತಿರದ ಹಳ್ಳಿಯ ಕುಂಬಾರ ಚಿಕ್ಕಮುನಿಯಪ್ಪನನ್ನು ಹಿಡಿದಳು. ಸುತ್ತಲಿನ ಊರುಗಳ ಗ್ರಾಮದೇವತೆಗಳನ್ನೆಲ್ಲ ಮಾಡಿದ್ದವನು ಅವನೇ.

“ಬಾಲಯೇಸೂಗೆ ಮೀಸೆ ಎಷ್ಟುದ್ದ ಇಕ್ಕಾಣ ತಾಯಿ?”

“ಎಳೇ ಕೂಸಿಗೆ ಮೀಸೆ ಏನಯ್ಯಾ!”

“ಕೈಗೆ ಕತ್ತಿನಾದ್ರೂ ಬ್ಯಾಡ್ವಾ?”

“ಏನೂ ಬ್ಯಾಡ. ಬರೀ ಕೂಸು. ದೊರೆಸಾನಿ ಕೂಸಿನಂಗೆ ಬೆಳ್ಳಗಿರ್ಬೇಕು.”

ಚಿಕ್ಕಮುನಿಯಪ್ಪನಿಗೆ ದಿಕ್ಕು ತೋಚಲಿಲ್ಲ. ರಾಕ್ಷಸರನ್ನು ಕೊಲ್ಲುವ ದೇವರುಗಳು ಅವನಿಗೆ ನೀರು ಕುಡಿದಷ್ಟು ಸುಲಭ. ಸುಮ್ಮನೆ ಮಲಗಿ ಕಾಲೆತ್ತುವ ದೇವರನ್ನು ಅವನು ಕಂಡಿರಲಿಲ್ಲ. ಗಣಿಯ ಪಕ್ಕದ ಆಂಡರ್ಸನ್‌ಪೇಟೆಗೆ ಮಡಕೆ ಮಾರಲು ಬಂದ ದಿನ ಸವರಿಯಮ್ಮನ ಮನೆ ಹುಡುಕಿಕೊಂಡು ಹೋದ. ಅವಳು ನಲ್ಲಿಯ ಹತ್ತಿರ ಜಗಳದಲ್ಲಿದ್ದಳು. ಎಳೇ ಕೂಸು ಹೇಗೆ ಮಲಗುತ್ತದೆಂದು ಅವನು ಸೊಸೆಯನ್ನೇ ಕೇಳಿದ. ಆರೋಗ್ಯಮ್ಮ ಅತ್ತಿತ್ತ ನೋಡಿ ಕೂಸಿನ ಮೇಲಿನ ಬಟ್ಟೆ ಸರಿಸಿದಳು.

ಅವನು ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದ. “ಆಹಾ, ಏನ್ ಚೆಂದಾಗವ್ಳೆ ತಾಯಿ!” ಎಂದ.

ಮೂರು ತಿಂಗಳಲ್ಲಿ ಆ ಮಾತು ಹೇಳಿದವನು ಅವನೊಬ್ಬನೇ. ಆರೋಗ್ಯಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು.

ಹಬ್ಬದ ಹಿಂದಿನ ದಿನ ಬೆಳಿಗ್ಗೆ ಚಿಕ್ಕಮುನಿಯಪ್ಪ ಬೊಂಬೆಗಳನ್ನು ಹುಲ್ಲಿನಲ್ಲಿ ಸುತ್ತಿ ಗಾಡಿಯಲ್ಲಿ ಗುಡಿಗೆ ತಂದ. ದಾರಿಯಲ್ಲಿ ಬಣ್ಣ ಉಜ್ಜಿಹೋಗುತ್ತದೆಂದು ಇನ್ನೂ ಬಳಿದಿರಲಿಲ್ಲ. ಮಡಕೆ ಸುಡುವ ಆವಿಗೆಯ ಹೊಗೆ ಕುಡಿದು ಎಲ್ಲವೂ ಕಪ್ಪಗೇ ಇದ್ದವು. ಸವರಿಯಮ್ಮ ಬಾಲಯೇಸುವನ್ನು ಎತ್ತಿಕೊಂಡಳು. ಬೊಂಬೆ ಅವಳನ್ನೇ ನೋಡಿ ನಗುತ್ತಿತ್ತು.

“ಅಯ್ಯೋ ನನ್ನಪ್ಪಾ, ಏನ್ ಕಳೆ! ಈ ಗಲ್ಲ ನೋಡು, ಈ ಮೂಗು ನೋಡು!” ಎಂದು ಎಲ್ಲರೆದುರು ಪಾದಕ್ಕೆ ಮುತ್ತಿಟ್ಟಳು. “ಯಾರನ್ನ ನೋಡಿ ಮಾಡ್ದೆಯೋ ಪುಣ್ಯಾತ್ಮ?”

“ನಿಮ್ಮನೆ ಕೂಸ್ನೇ ತಾಯಿ. ನೀವು ನಲ್ಲಿ ತಾವ ಓಗಿದ್ರಿ.” ಅವನು ಬಿಳಿ ಬಣ್ಣದ ಕುಡಿಕೆಯಲ್ಲಿ ಕುಂಚ ಅದ್ದಿದ. “ಇತ್ಲಾಗ್ ಕೊಡಿ, ಒಂದ್ ಗಳಿಗೇಲಿ ಬೆಳ್ಳಗ್ ಮಾಡ್ತೀನಿ.”

ಸವರಿಯಮ್ಮ ಬೊಂಬೆಯನ್ನು ಎದೆಗವಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು. “ಮುಟ್ಬ್ಯಾಡ” ಎಂದಳು. “ದೇವ್ರು ಮಾಡಿರೋದನ್ನ ನಾವ್ ಕೆಡಿಸೋದ್ ಬ್ಯಾಡ.”

ಬೊಂಬೆಯನ್ನು ಹುಲ್ಲಿನ ಮೇಲೆ ಮಲಗಿಸಿ ಮನೆಗೆ ಓಡಿದಳು. ಆ ದಪ್ಪ ಮೈಯಲ್ಲಿ ಅವಳು ಓಡುವುದನ್ನು ಕಂಡು ಗಣಿಯಲ್ಲಿ ಮತ್ತೇನೋ ಅನಾಹುತವಾಯಿತೆಂದು ಲೈನಿನ ಹೆಂಗಸರೆಲ್ಲ ಹೊರಗೆ ಬಂದರು. ಅವಳು ಕೂಸನ್ನೆತ್ತಿಕೊಂಡು, ಸೊಸೆಯ ಕೈಹಿಡಿದು, ನೇರ ಪಾದ್ರಿಗಳ ಮುಂದೆ ನಿಂತಳು.

“ಇವತ್ತೇ ಮಾಡಿ ಸಾಮಿ. ಇಷ್ಟ್ ದಿನ ನಾನೇ ಸುಳ್ಳೇಳಿ ತಡೆದಿದ್ದೆ.”

ಪಾದ್ರಿಗಳು ತಕ್ಷಣ ನೀರು ತರಿಸಿದರು.

ಜ್ಞಾನಸ್ನಾನ ಮುಗಿದ ಮೇಲೆ ಸವರಿಯಮ್ಮ ಮನೆಯ ದಾರಿ ಹಿಡಿಯಲಿಲ್ಲ. ಲೈನಿನ ಒಂದೊಂದು ಬಾಗಿಲಲ್ಲೂ ನಿಂತು, “ನಮ್ಮನೆ ಮಗು, ನೋಡ್ರಮ್ಮಾ” ಎಂದು ಕರೆಯುತ್ತ ನಡೆದಳು. ನಡು ಮಧ್ಯಾಹ್ನವಾಗಿತ್ತು.

“ಅತ್ತೆ, ಬಿಸ್ಲು. ಮಖಕ್ಕೆ ಸೆರಗು ಮುಚ್ಚಿ” ಎಂದಳು ಆರೋಗ್ಯಮ್ಮ.

“ಮುಚ್ಚಿದ್ದು ಸಾಕು ಕಣಮ್ಮಾ” ಎಂದು ಸವರಿಯಮ್ಮ ಮುಂದಿನ ಬಾಗಿಲು ಬಡಿದಳು.